ಅಪ್‌ಡೇಟ್: ಕೂಲಿಯವರ ಇನ್ಶೂರೆನ್ಸ್ ವಿಷಯ ಬಗೆಹರಿಯಿತು

ಮಡಿಕೇರಿ ಹತ್ತಿರದ ತೋಟದಲ್ಲಿ ಬರೆಗೆ (ಗುಡ್ಡದ ಕಡಿದಾದ ಇಳಿಜಾರಿಗೆ) ತಡೆಗೋಡೆ ಕಟ್ಟುವ ಕೆಲಸ ಸಿಕ್ಕಿದೆ, ಇನ್ಶೂರೆನ್ಸ್ ಇಲ್ಲದೆ ಶುರು ಮಾಡಬೇಡಿ ಅಂತ ಮಾಲೀಕರು ಹೇಳಿದ್ದಾರೆ, ಏನು ಮಾಡಲಿ ಎಂದು ಹೋದ ವಾರ ಇಲ್ಲಿ ಕೇಳಿದ್ದೆ.

ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ನಮಗೆ ಅನ್ವಯಿಸಲಿಲ್ಲ. ಅದು ಕಡ್ಡಾಯವಾಗುವುದು 10 ಜನರಿದ್ದರೆ, ನಾವು ಏಳೇ ಮಂದಿ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ (ಅಪಘಾತ ವಿಮೆ) ಎಲ್ಲರಿಗೂ ಮಾಡಿಸಿದೆ, ಒಳ್ಳೆಯದೇ. ಆದರೆ ಅದು ಕೆಲಸಗಾರನ ಸ್ವಂತ ಪಾಲಿಸಿ. ಅಪಘಾತವಾದರೆ ಪರಿಹಾರ ಕೊಡುವ ನನ್ನ ಹೊಣೆ ಹಾಗೇ ಉಳಿಯುತ್ತದೆ.

ಕೆಲಸಕ್ಕೆ ಬಂದದ್ದು ಆ ಹೊಣೆಯನ್ನು ಹೊರುವ ವರ್ಕ್‌ಮೆನ್ ಕಾಂಪನ್ಸೇಷನ್ ಪಾಲಿಸಿ. ಸಲಹೆ ಕೊಟ್ಟ ಅಣ್ಣನಿಗೆ ತುಂಬಾ ಥ್ಯಾಂಕ್ಸ್. ಪ್ರೀಮಿಯಂ ಎಷ್ಟು ಅನ್ನೋದು ಒಟ್ಟು ಕೂಲಿ ಮತ್ತು ಕೆಲಸದ ಅಪಾಯ ನೋಡಿ ನಿರ್ಧಾರವಾಗುತ್ತದೆ, ಅದರ ಮೇಲೆ 18% ಜಿಎಸ್‌ಟಿ. ಎಲ್ಲರನ್ನೂ ಎತ್ತರದ ಕೆಲಸದವರು ಅಂತ ಬರೆಸಿದ್ದರಿಂದಲೇ ಮೊದಲ ಕೊಟೇಶನ್ ಜಾಸ್ತಿ ಇತ್ತು. ಯಾರು ಏನು ಮಾಡುತ್ತಾರೋ ಹಾಗೇ ಬಿಡಿಸಿ ಬರೆಸಿದೆ, ಇಳಿಯಿತು. ಕೂಲಿಯನ್ನು ಮಾತ್ರ ಕಡಿಮೆ ತೋರಿಸಬೇಡಿ, ಕ್ಲೇಮ್ ಹೊತ್ತಿಗೆ ಕಷ್ಟವಾಗುತ್ತದೆ.

ಗೊತ್ತಿಲ್ಲದಿದ್ದ ವಿಷಯ: ಈ ಪಾಲಿಸಿಯಲ್ಲಿ ಆಸ್ಪತ್ರೆ ಖರ್ಚು ತಾನಾಗಿ ಸೇರಿರುವುದಿಲ್ಲ, ಕೇಳಿ ಸೇರಿಸಿಕೊಳ್ಳಬೇಕು. ನಾನು ಸೇರಿಸಿದೆ.

ಇನ್ನು ಗೋಡೆಯೇ ಜರಿದರೆ? ಅದಕ್ಕೆ ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ಎಂಬ ಬೇರೆ ಪಾಲಿಸಿ ಇದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತ ನೋಡಿದ ನಮಗೆ ಬಿಡಿಸಿ ಹೇಳಬೇಕಾ? ಭೂಕುಸಿತ ಸೇರಿದೆಯಾ, ಕ್ಲೇಮ್ ಆದಾಗ ನಮ್ಮ ಕೈಯಿಂದ ಎಷ್ಟು ಹೋಗುತ್ತದೆ, ಎರಡನ್ನೂ ಓದಿಯೇ ಸಹಿ ಹಾಕಿದೆ. ಸೋಮವಾರ ಕೆಲಸ ಶುರು.