ಅಪ್‌ಡೇಟ್: ಸ್ಟೇರಿಂಗ್ ತಿರುಗಿಸಿದಾಗ ಬರುತ್ತಿದ್ದ ಟಕಟಕ ಸದ್ದು

ಕಾರಿನ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರದಲ್ಲಿ ಟಕಟಕ ಸದ್ದು, ಗ್ಯಾರೇಜಿನವರು ಚಕ್ರಗಳನ್ನು ಎಡಬಲಕ್ಕೆ ಹೊರಳಿಸುವ ಸ್ಟೇರಿಂಗ್ ರ‍್ಯಾಕನ್ನೇ ಬದಲಿಸಿ ಅಂತಾರೆ ಎಂದು ಕೇಳಿದ್ದೆನಲ್ಲ, ಅದು ಸರಿಹೋಯಿತು. ರ‍್ಯಾಕಿಗೆ ಏನೂ ಆಗಿರಲಿಲ್ಲ! ನಿಮ್ಮಲ್ಲಿ ಕೆಲವರು ಹೇಳಿದಂತೆ ಬೇರೆ ಮೆಕ್ಯಾನಿಕ್ ಹತ್ತಿರ ಚಕ್ರ ಬಿಚ್ಚಿಸಿದೆ. ಆಕ್ಸಲ್ ಮೇಲಿನ ರಬ್ಬರ್ ಬೂಟ್ (ಗ್ರೀಸ್ ಹೊರಬಾರದಂತೆ ಹಿಡಿದಿಡುವ ಹೊದಿಕೆ) ಸೀಳಿತ್ತು. ಗ್ರೀಸೆಲ್ಲ ರಿಮ್ಮಿನ ಒಳಗಡೆ ಎರಚಿಕೊಂಡು, ಮೇಲೆ ಧೂಳು ಮೆತ್ತಿ ಕರಿ ಹಿಟ್ಟಿನ ಥರ ಆಗಿತ್ತು. ಒಳಗೆ ಮಣ್ಣು ಸೇರಿ ಸಿವಿ ಜಾಯಿಂಟಿನ, ಅಂದರೆ ಚಕ್ರ ಹೊರಳಿದಾಗಲೂ ಅದಕ್ಕೆ ಎಂಜಿನ್ನಿನ ಬಲ ತಲುಪಿಸುವ ಆಕ್ಸಲ್ ತುದಿಯ ಕೀಲಿನ, ಗುಂಡುಗಳು ಸವೆದಿದ್ದವು. ಹೊರಗಿನ (ಚಕ್ರದ ಕಡೆಯ) ಜಾಯಿಂಟಿನ ಕಿಟ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು. ಹಳೇದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಜಾಯಿಂಟಿನ ಹಲ್ಲಿನ ಲೆಕ್ಕ ಹೊಂದದಿದ್ದರೆ ಅದು ಕೂರುವುದಿಲ್ಲ. ಅಂಗಡಿಯವರು ಎರಡನ್ನೂ ಪಕ್ಕಪಕ್ಕ ಇಟ್ಟು ಎಣಿಸಿ ಕೊಟ್ಟರು. ಈಗ ಸದ್ದಿಲ್ಲ. ಇನ್ನೊಂದು ಬದಿಯ ಬೂಟಿನಲ್ಲೂ ಸಣ್ಣ ಬಿರುಕಿದೆ. ಅದನ್ನು ಸರ್ವೀಸಿನ ತನಕ ಬಿಡದೆ ಈ ವಾರವೇ ಹಾಕಿಸುತ್ತೇನೆ.