ವೈಟ್‌ಟೇಲ್ ಜಿಂಕೆ ಬೇಟೆಗೆ ಗೈಡ್ ಬುಕ್ ಮಾಡುವುದು ಯಾವ ವಾರಕ್ಕೆ?

ರಘು_ಎಡಿಸನ್:
ಮುಂದಿನ ಸೀಸನ್‌ಗೆ ಗೈಡ್ ಜೊತೆ 5 ದಿನದ ವೈಟ್‌ಟೇಲ್ ಬೇಟೆಗೆ ನ್ಯೂಜೆರ್ಸಿಯಿಂದ ಇಬ್ಬರು ಹೊರಟಿದ್ದೇವೆ. ಒಬ್ಬರಿಗೆ ರೈಫಲ್ ಬೇಕು, ಇನ್ನೊಬ್ಬರಿಗೆ ಕ್ರಾಸ್‌ಬೋ (ಕುದುರೆ ಒತ್ತಿ ಬಾಣ ಬಿಡುವ ಅಡ್ಡಬಿಲ್ಲು). ಅಮೆರಿಕದ ಇಲಿನಾಯ್, ಅಯೋವಾ, ಕಾನ್ಸಾಸ್ ಮೂರರಲ್ಲಿ ಯಾವುದಾದರೂ ಸರಿ. ಕೇಳಿದ ಔಟ್‌ಫಿಟರ್‌ಗಳೆಲ್ಲ (ದುಡ್ಡಿಗೆ ಬೇಟೆ ಏರ್ಪಡಿಸುವವರು) ನವೆಂಬರ್ 12ರಿಂದ 17 "ಪೀಕ್" ಎನ್ನುತ್ತಾರೆ, ಆ ವಾರಕ್ಕೆ ದರವೂ ಜಾಸ್ತಿ. ನಿಜಕ್ಕೂ ಅದೇ ಒಳ್ಳೆಯ ವಾರವೇ? ಇನ್ನೊಂದು ವಿಷಯ, ರೈಫಲ್ ಬೇಕೆನ್ನುವವರು ಎಚ್1ಬಿ ವೀಸಾದಲ್ಲಿದ್ದಾರೆ.

ಗಾಳಿ_ನೋಡು:
ಅವರು ಹೇಳುವ ಪೀಕ್ ಸುಳ್ಳಲ್ಲ ರಘು. ಆದರೆ ಅದು ಹೆಚ್ಚು ಹೆಣ್ಣುಗಳು ಬೆದೆಗೆ ಬರುವ ವಾರ. ಗಂಡುಗಳು ಹೆಚ್ಚು ಕಣ್ಣಿಗೆ ಬೀಳುವ ವಾರ ಅದಕ್ಕಿಂತ ಮುಂಚಿನದು.

ಬೆದೆಯ ಕಾಲವನ್ನು ನಿರ್ಧರಿಸುವುದು ಹಗಲಿನ ಉದ್ದ. ಚಳಿ ಬೇಗ ಬಂದರೂ ತಡವಾಗಿ ಬಂದರೂ ಮಧ್ಯಪಶ್ಚಿಮದಲ್ಲಿ ಅದು ನವೆಂಬರ್ ನಡುವಿಗೇ ಬರುತ್ತದೆ. ಗರ್ಭ ಸುಮಾರು 200 ದಿನ, ಹಾಗಾಗಿ ಮರಿಗಳು ಹುಟ್ಟುವುದು ಮೇ ಕೊನೆ, ಜೂನ್ ಮೊದಲಲ್ಲಿ. ಹೆಣ್ಣು ಗಂಡನ್ನು ಹತ್ತಿರ ಸೇರಿಸುವುದು ಒಂದು ದಿನದಷ್ಟು ಹೊತ್ತು ಮಾತ್ರ. ಅದಕ್ಕೆ ಮುಂಚೆಯೇ ಗಂಡು ಬೆನ್ನು ಹತ್ತಿರುತ್ತದೆ, ಮುಗಿಯುವವರೆಗೂ ಬಿಡುವುದಿಲ್ಲ. ಈ ಜೋಡಿ ಹೋಗಿ ನಿಲ್ಲುವುದು ಬೇರೆ ಗಂಡುಗಳ ಕಾಟ ಇಲ್ಲದ ಕಡೆ: ಹೊಲದ ನಡುವಿನ ಪೊದೆ, ಪಾಳುಬಿದ್ದ ಮನೆಯ ಹಿಂದಿನ ಹುಲ್ಲು, ಚರಂಡಿಯ ಏರಿ. ನೀವು ಕಾಡಿನ ಅಂಚಿನ ಮರದ ಮೇಲೆ ಐದು ದಿನ ಕೂತಿರುತ್ತೀರಿ, ದೊಡ್ಡ ಗಂಡು 400 ಗಜದಾಚೆ ಒಂದೇ ಪೊದೆಯಲ್ಲಿ ಎರಡು ದಿನ ನಿಂತಿರುತ್ತದೆ. ಇಲ್ಲಿಯವರು ಇದಕ್ಕೆ "ಲಾಕ್‌ಡೌನ್" ಎನ್ನುತ್ತಾರೆ. ಜಾಸ್ತಿ ದರ ಕೊಟ್ಟು ಬರಿಗೈಯಲ್ಲಿ ಬರುವವರು ಹೆಚ್ಚಾಗಿ ಈ ವಾರದವರು.

ನನ್ನ ಆಯ್ಕೆ ಅಕ್ಟೋಬರ್ 31ರಿಂದ ನವೆಂಬರ್ 9. ಆಗ ಗಂಡು ತಯಾರಾಗಿರುತ್ತದೆ, ಹೆಣ್ಣುಗಳು ಇನ್ನೂ ತಯಾರಾಗಿರುವುದಿಲ್ಲ, ಹಾಗಾಗಿ ಅದು ಹುಡುಕುತ್ತಾ ತಿರುಗುತ್ತದೆ. ಕೊಂದ ಗಂಡಿನ ಹಿಂಗಾಲ ಮಂಡಿಯ ಒಳಬದಿ ನೋಡಿ. ಅಲ್ಲಿನ ಕೂದಲ ಗುಚ್ಛ ಸೆಪ್ಟೆಂಬರ್‌ನಲ್ಲಿ ಕಂದು. ನವೆಂಬರ್ ಹೊತ್ತಿಗೆ ಅದರ ಮೇಲೆ ಉಚ್ಚೆ ಸುರಿದು ಸುರಿದು ಕಪ್ಪಾಗಿ, ಅಂಟಂಟಾಗಿ, ಹತ್ತು ಅಡಿ ದೂರಕ್ಕೇ ನಾರುತ್ತಿರುತ್ತದೆ. ಗೈಡ್‌ಗಳು ಬೆದೆ ಎಲ್ಲಿಗೆ ಬಂದಿದೆ ಎಂದು ಓದುವುದು ಅದನ್ನು ನೋಡಿಯೇ.

ಆ ವಾರ ಮೇವಿನ ಹೊಲದ ಅಂಚು ಬೇಡ. ಎರಡು ಕಾಡು ತುಂಡುಗಳನ್ನು ಸೇರಿಸುವ ಕಿರಿದಾದ ಮರಗಳ ಸಾಲು, ಹಳ್ಳ ದಾಟುವ ಜಾಗ, ಹೆಣ್ಣುಗಳು ಮಲಗುವ ತಾಣದ ಗಾಳಿ ಇಳಿಯುವ ಬದಿ, ಇಂಥ ಕಡೆ ಅಟ್ಟಣೆ ಕೇಳಿ. ಬೆಳಗಿನಿಂದ ಸಂಜೆವರೆಗೂ ಕೂರಬೇಕು. ಹತ್ತು ಗಂಟೆಗೆ ಕ್ಯಾಂಪಿಗೆ ತಿಂಡಿಗೆ ಕರೆದೊಯ್ಯುವ ಔಟ್‌ಫಿಟರ್ ಆದರೆ ಆ ವಾರದ ಅರ್ಧ ಪ್ರಯೋಜನ ಹೋಯಿತು.

ಡಿಸೆಂಬರ್_ಮಂಜು:
ಜೀವಶಾಸ್ತ್ರ ಸರಿಯಾಗಿಯೇ ಇದೆ, ತೀರ್ಮಾನ ಒಪ್ಪಲಾರೆ. ಇಲ್ಲಿ ದುಡ್ಡು ಕೊಡುತ್ತಿರುವುದು ಗೈಡ್‌ಗೆ. ಗೈಡ್ ಬೇಸಿಗೆಯಿಂದ ಕ್ಯಾಮೆರಾ ಇಟ್ಟು ಯಾವ ಗಂಡು ಯಾವ ಹೊಲಕ್ಕೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ತಿಳಿದಿರುತ್ತಾನೆ. ನವೆಂಬರ್‌ನಲ್ಲಿ ಆ ತಿಳಿವಳಿಕೆಯೇ ಕೆಲಸಕ್ಕೆ ಬರುವುದಿಲ್ಲ. ಅವನು ಕಂಡಿದ್ದ ಗಂಡು ಮೈಲಿಗಟ್ಟಲೆ ದೂರ ಹೋಗಿರುತ್ತದೆ, ಎಂದೂ ಕಾಣದ್ದು ಬಂದು ನಿಂತಿರುತ್ತದೆ. ಅದು ಕೂರುವವನ ತಾಳ್ಮೆಯ ವಾರ.

ಗೈಡ್‌ನ ಕೆಲಸಕ್ಕೆ ಬೆಲೆ ಬರುವುದು ಡಿಸೆಂಬರ್ ಕೊನೆಯಲ್ಲಿ. ಬೆದೆಯ ಓಡಾಟದಲ್ಲಿ ಗಂಡು ಮೈತೂಕದ ಐದನೇ ಒಂದು ಪಾಲಿನಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಕಳೆದುಕೊಂಡಿರುತ್ತದೆ. ಚಳಿ ಮೈನಸ್ 8, 10 ಡಿಗ್ರಿಗೆ ಇಳಿದು ನೆಲದ ಮೇಲೆ ಹಿಮ ಕೂತರೆ ಬೆಳಕಿರುವಾಗಲೇ ಮೇವಿಗೆ ಬರಲೇಬೇಕು. ಕೊಯ್ಯದೆ ಬಿಟ್ಟ ಸೋಯಾ ಅಥವಾ ಮೆಕ್ಕೆಜೋಳ ಎಲ್ಲಿದೆಯೋ ಅಲ್ಲಿ. ಬೆಳಗಿನ ಬೇಟೆ ಬೇಕಿಲ್ಲ, ಮಧ್ಯಾಹ್ನ ಎರಡಕ್ಕೆ ಹೋಗಿ ಕೂತರೆ ಸಾಕು. ದರವೂ ಕಡಿಮೆ.

ಗಾಳಿ_ನೋಡು:
ಚಳಿ ಬರದಿದ್ದರೆ? ಡಿಸೆಂಬರ್ 28ಕ್ಕೆ 10 ಡಿಗ್ರಿ ಬಿಸಿಲು ಇದ್ದರೆ ಚಳಿಗಾಲದ ದಪ್ಪ ಕೂದಲು ಹೊತ್ತ ಜಿಂಕೆ ಕತ್ತಲಾಗುವವರೆಗೂ ಏಳುವುದಿಲ್ಲ. ಬೆದೆ ಹವಾಮಾನಕ್ಕೆ ಕಾಯುವುದಿಲ್ಲ, ಸೆಕೆ ಇದ್ದರೆ ರಾತ್ರಿ ಹೆಚ್ಚು ತಿರುಗೀತು, ಅಷ್ಟೇ. ನಿಮ್ಮದು ಹವಾಮಾನ ಕೂಡಿ ಬಂದರೆ ಮಾತ್ರ ನಡೆಯುವ ಬೇಟೆ. ಹತ್ತು ತಿಂಗಳು ಮುಂಚೆ ಬುಕ್ ಮಾಡುವವರು ಅದನ್ನು ನಂಬುವುದು ಹೇಗೆ?

ಡಿಸೆಂಬರ್_ಮಂಜು:
ಒಪ್ಪಿದೆ, ಅದಕ್ಕೇ ಬುಕ್ ಮಾಡುವಾಗ ಮೂರು ಪ್ರಶ್ನೆ ಕೇಳಬೇಕು. ಎಷ್ಟು ಎಕರೆ ಬೆಳೆ ಕೊಯ್ಯದೆ ಬಿಡುತ್ತೀರಿ? ಬಂದೂಕಿನ ಸೀಸನ್‌ನಲ್ಲಿ ಇದೇ ಜಮೀನಿಗೆ ಎಷ್ಟು ಜನರನ್ನು ಬಿಟ್ಟಿದ್ದಿರಿ? ಚಳಿ ಬರುವುದನ್ನು ನೋಡಿಕೊಂಡು ತಾರೀಕು ಒಂದು ವಾರ ಹಿಂದೆ ಮುಂದೆ ಮಾಡಲು ಬಿಡುತ್ತೀರಾ? ಎರಡನೆಯದಕ್ಕೆ ನುಣುಚಿಕೊಂಡರೆ ಆ ಕ್ಯಾಂಪ್ ಬೇಡ. ಗುಂಡಿನ ಸದ್ದು ಕೇಳಿ ಕೇಳಿ ಜಿಂಕೆ ರಾತ್ರಿಯ ಪ್ರಾಣಿ ಆಗಿರುತ್ತದೆ. ಜನವರಿಗೆ ಹೋಗುವವರು ಇನ್ನೊಂದು ನೆನಪಿಡಿ: ಆ ಹೊತ್ತಿಗೆ ಕೊಂಬು ಉದುರಲು ಶುರುವಾಗಿರುತ್ತದೆ, ಹೆಣ್ಣೆಂದುಕೊಂಡು ಹೊಡೆದದ್ದು ಕೊಂಬು ಬಿದ್ದ ಗಂಡೇ ಆಗಿರಬಹುದು. ತಲೆಯ ಮೇಲಿನ ಗುರುತು ದುರ್ಬೀನಿನಲ್ಲಿ ನೋಡದೆ ಹೊಡೆಯಬಾರದು.

ಕೆಂಟಕಿ_ಕೆರೆಯಂಚು:
ಸೆಪ್ಟೆಂಬರ್ ಬಗ್ಗೆ ಯಾರೂ ಮಾತಾಡಲಿಲ್ಲ. ಕೆಂಟಕಿಯಲ್ಲಿ ಬಿಲ್ಲಿನ ಸೀಸನ್ ಸೆಪ್ಟೆಂಬರ್ ಮೊದಲ ಶನಿವಾರವೇ ತೆರೆಯುತ್ತದೆ. ಗಂಡುಗಳು ಇನ್ನೂ ಗುಂಪಾಗಿ ತಿರುಗುತ್ತಿರುತ್ತವೆ, ಕೆಲವಕ್ಕೆ ಕೊಂಬಿನ ಮೇಲೆ ಮಖಮಲ್ಲಿನ ಚರ್ಮ ಇನ್ನೂ ಇರುತ್ತದೆ, ಸಂಜೆ ಸೋಯಾ ಹೊಲಕ್ಕೆ ಒಂದೇ ದಾರಿಯಲ್ಲಿ ಬರುತ್ತವೆ. ಗೈಡ್‌ನ ಕ್ಯಾಮೆರಾ ಲೆಕ್ಕ ಅತಿ ಚೆನ್ನಾಗಿ ಹೊಂದುವುದು ಆಗಲೇ. ಆದರೆ ಸೀಸನ್ ತೆರೆದ ಮೊದಲ ನಾಲ್ಕೈದು ಸಂಜೆಗೇ ಬುಕ್ ಮಾಡಬೇಕು. ಸೋಯಾ ಎಲೆ ಹಳದಿಗೆ ತಿರುಗಿ ಬಿಳಿ ಓಕ್ ಕಾಯಿ ಉದುರಲು ಶುರುವಾದರೆ ಹೊಲ ಖಾಲಿ, ಎಲ್ಲ ಕಾಡೊಳಗೆ.

ಗಾಳಿ_ನೋಡು:
ಸೆಪ್ಟೆಂಬರ್‌ಗೆ ನನ್ನ ಭಯ ಒಂದೇ, ಮಾಂಸ. ಬಾಣ ಶ್ವಾಸಕೋಶಕ್ಕೆ ತಾಗಿದ್ದರೆ ಅರ್ಧ ಗಂಟೆ ಕಾದು ಹುಡುಕಬಹುದು. ಯಕೃತ್ತಾದರೆ 4ರಿಂದ 6 ಗಂಟೆ. ಹೊಟ್ಟೆಗೆ ತಾಗಿ ಬಾಣದ ಮೇಲೆ ಹಸಿರು ಲದ್ದಿ ಮೆತ್ತಿದ್ದರೆ 8ರಿಂದ 12 ಗಂಟೆ ಕಾಯಲೇಬೇಕು, ಮುಂಚೆ ಹೋದರೆ ಎದ್ದು ಓಡಿ ಕೈ ತಪ್ಪುತ್ತದೆ. ನವೆಂಬರ್‌ನಲ್ಲಿ ರಾತ್ರಿಯಿಡೀ ಬಿಡಬಹುದು. ಸೆಪ್ಟೆಂಬರ್‌ನ 24 ಡಿಗ್ರಿ ರಾತ್ರಿಯಲ್ಲಿ ಬೆಳಗಾಗುವುದರೊಳಗೆ ಮಾಂಸ ಹಾಳು. ರಕ್ತದ ಜಾಡು ಹಿಡಿಯುವ ನಾಯಿ ಮತ್ತು 4 ಡಿಗ್ರಿಯ ಕೂಲರ್ ಕೋಣೆ ಇಲ್ಲದ ಕ್ಯಾಂಪಿಗೆ ಸೆಪ್ಟೆಂಬರ್‌ನಲ್ಲಿ ಹೋಗಬಾರದು. ಕೊಂದ ಪ್ರಾಣಿ ಕೊಳೆಯಲು ಬಿಡುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ.

ಕೆಂಟಕಿ_ಕೆರೆಯಂಚು:
ನಾಯಿ, ಕೂಲರ್ ಎರಡೂ ಇರುವ ಕ್ಯಾಂಪ್‌ಗಳಿವೆ, ಕೇಳಿ ಖಚಿತ ಮಾಡಿಕೊಂಡು ಹೋಗಬೇಕು. ಮಾಂಸಕ್ಕಿಂತ ದೊಡ್ಡ ಅಪಾಯ ಇಎಚ್‌ಡಿ ರೋಗ. ನುಸಿಯಂಥ ಸಣ್ಣ ಕೀಟ ಕಚ್ಚಿ ಹರಡುತ್ತದೆ, ಬೇಸಿಗೆಯ ಕೊನೆಯಲ್ಲಿ ಹೆಚ್ಚಾಗಿ, ಇಬ್ಬನಿ ಗಟ್ಟಿಯಾಗಿ ಹೆಪ್ಪುಗಟ್ಟುವವರೆಗೂ ಮುಂದುವರಿಯುತ್ತದೆ. ಜಿಂಕೆಗಳು ಜ್ವರ ಬಂದು ನೀರಿನ ಬಳಿ ಬಂದು ಸಾಯುತ್ತವೆ. ಒಂದು ಜಮೀನಿನ ದೊಡ್ಡ ಗಂಡುಗಳೆಲ್ಲ ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಹೋಗಿಬಿಡಬಹುದು. ಇದು ನವೆಂಬರ್‌ಗೆ ಬುಕ್ ಮಾಡಿದವರಿಗೂ ಅನ್ವಯ. ರೋಗ ಬಂದರೆ ಮುಂಗಡವನ್ನು ಮುಂದಿನ ವರ್ಷಕ್ಕೆ ಹಾಕಿಕೊಡುತ್ತೇವೆ ಎಂದು ಬರಹದಲ್ಲಿ ಪಡೆಯಿರಿ. ಸಾಮಾನ್ಯವಾಗಿ ಅರ್ಧ ದುಡ್ಡು ಮುಂಗಡ, ಅದು ವಾಪಸ್ ಬರುವುದಿಲ್ಲ.

ಬಯಲುಸೀಮೆ_ಟೆಕ್ಸಾಸ್:
ಬೆದೆ ಎಂದರೆ ನವೆಂಬರ್ ಎನ್ನುವುದೇ ಉತ್ತರದ ಮಾತು. ದಕ್ಷಿಣ ಟೆಕ್ಸಾಸ್‌ನಲ್ಲಿ ಅದು ಡಿಸೆಂಬರ್ ನಡುವಿನಿಂದ ಕ್ರಿಸ್ಮಸ್‌ವರೆಗೆ. ಅಲಬಾಮಾದ ಬಹುಭಾಗದಲ್ಲಿ ಜನವರಿ. ಫ್ಲಾರಿಡಾದ ಒಂದೇ ರಾಜ್ಯದೊಳಗೆ ತೆಂಕಣ ತುದಿಯಲ್ಲಿ ಜುಲೈ, ಆಗಸ್ಟ್‌ಗೆ ಶುರುವಾಗಿ ವಾಯವ್ಯದಲ್ಲಿ ಫೆಬ್ರವರಿವರೆಗೆ ಹೋಗುತ್ತದೆ. ರಜೆ ಸಿಗುವುದು ಕ್ರಿಸ್ಮಸ್‌ಗೆ ಮಾತ್ರ ಎಂದಾದರೆ ದಕ್ಷಿಣ ಟೆಕ್ಸಾಸ್ ನೋಡಿ. ಹೊರರಾಜ್ಯದವರ ಲೈಸೆನ್ಸ್ ಲಾಟರಿಯಿಲ್ಲದೆ ಅಂಗಡಿಯಲ್ಲೇ ಸಿಗುತ್ತದೆ, ರೈಫಲ್ ಸೀಸನ್ ನವೆಂಬರ್ ಮೊದಲ ಶನಿವಾರದಿಂದ ಜನವರಿ ನಡುವಿನವರೆಗೆ.

ಕೊಡಗು_ಕೋವಿ:
ಟೆಕ್ಸಾಸ್‌ನಲ್ಲಿ ಮೆಕ್ಕೆಜೋಳ ಉದುರಿಸುವ ಯಂತ್ರದ ಮುಂದೆ ಕೂರಿಸುತ್ತಾರೆ. ಕಾನೂನು ಒಪ್ಪುತ್ತದೆ, ನನ್ನ ಮನಸ್ಸು ಒಪ್ಪುವುದಿಲ್ಲ. ಊರಲ್ಲಿ 1972ರ ವನ್ಯಜೀವಿ ಕಾಯಿದೆಯ ನಂತರ ಬೇಟೆ ನಿಂತು ಹೋಯಿತು, ಇಲ್ಲಿ ಕಾನೂನುಬದ್ಧವಾಗಿ ಆಡುವ ಅವಕಾಶ ಇದೆ. ಜಾಡು, ಗಾಳಿ ಕಲಿಯುವ ವಾರವನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.

ಬಯಲುಸೀಮೆ_ಟೆಕ್ಸಾಸ್:
ಬೆದೆಯಲ್ಲಿ ಮೆಕ್ಕೆಜೋಳದ ಮುಂದೆ ಕೂರುವವರು ಕಡಿಮೆ ಅಣ್ಣ. ಮುಳ್ಳುಪೊದೆಯ ನಡುವೆ ಬಿಡಿಸಿದ ದಾರಿಗಳನ್ನು ಕಾಯುತ್ತಾರೆ, ಎರಡು ಕೊಂಬು ಉಜ್ಜಿ ಕಾಳಗದ ಸದ್ದು ಮಾಡಿ ಕರೆಯುತ್ತಾರೆ. ಆ ಸದ್ದಿಗೆ ದಕ್ಷಿಣ ಟೆಕ್ಸಾಸ್‌ನ ಗಂಡು ಬರುವಷ್ಟು ಬೇರೆಲ್ಲೂ ಬರುವುದಿಲ್ಲ, ಏಕೆಂದರೆ ಅಲ್ಲಿನ ದೊಡ್ಡ ರ‍್ಯಾಂಚ್‌ಗಳಲ್ಲಿ ವಯಸ್ಸಾದ ಗಂಡುಗಳ ಪಾಲು ಹೆಚ್ಚು.

ಹುಣ್ಣಿಮೆ_ಲೆಕ್ಕ:
ಚಂದ್ರನ ಲೆಕ್ಕ ಯಾರೂ ಹೇಳಲಿಲ್ಲ. ಹುಣ್ಣಿಮೆ ವಾರ ತಪ್ಪಿಸಬೇಕಲ್ಲವೇ?

ಡಿಸೆಂಬರ್_ಮಂಜು:
ಬೇಡ. ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಜಿಂಕೆಗಳ ಓಡಾಟ ಅಳೆದ ಅಧ್ಯಯನಗಳಲ್ಲಿ ಚಂದ್ರನ ಕಲೆಗೂ ಹಗಲಿನ ಓಡಾಟಕ್ಕೂ ನಂಬುವಂಥ ಸಂಬಂಧ ಸಿಕ್ಕಿಲ್ಲ. ಹುಣ್ಣಿಮೆಯೋ ಅಮಾವಾಸ್ಯೆಯೋ, ನಸುಕು ಮತ್ತು ಮುಸ್ಸಂಜೆಗೇ ಹೆಚ್ಚು ನಡೆಯುತ್ತವೆ. ರಜೆಯನ್ನು ಪಂಚಾಂಗ ನೋಡಿ ಹಾಕಬೇಡಿ.

ಕಾನೂನು_ಮೊದಲು:
ರಘು ಅವರ ಪ್ರಶ್ನೆಗೆ ವಾಪಸ್ ಬರೋಣ. ವಾರ ಆರಿಸುವ ಮೊದಲು ಯಾವ ಆಯುಧಕ್ಕೆ ಯಾವ ವಾರ ತೆರೆದಿದೆ ಎಂದು ನೋಡಬೇಕು.

ಅಯೋವಾ ಬಿಡಿ. ಹೊರರಾಜ್ಯದವರಿಗೆ ಯಾವ ಜಿಂಕೆಯನ್ನಾದರೂ ಹೊಡೆಯಬಹುದಾದ ಟ್ಯಾಗ್ (ಪರವಾನಗಿ ಚೀಟಿ) ಇಡೀ ರಾಜ್ಯಕ್ಕೆ 6,000, ಒಳ್ಳೆಯ ವಲಯಕ್ಕೆ ವರ್ಷಗಟ್ಟಲೆ ಲಾಟರಿ ಪಾಯಿಂಟ್ ಕೂಡಿಸಬೇಕು. ಬಿಲ್ಲಿನ ಸೀಸನ್‌ನಲ್ಲಿ ಹೊರಗಿನಿಂದ ಬಂದ ಸಾಮಾನ್ಯ ಬೇಟೆಗಾರರಿಗೆ ಕ್ರಾಸ್‌ಬೋ ಕೂಡ ಇಲ್ಲ.

ಇಲಿನಾಯ್‌ನಲ್ಲಿ ಬಂದೂಕಿಗೆ ಥ್ಯಾಂಕ್ಸ್‌ಗಿವಿಂಗ್‌ ಹಬ್ಬಕ್ಕೆ (ನವೆಂಬರ್‌ನ ನಾಲ್ಕನೇ ಗುರುವಾರ) ಮುಂಚಿನ ಶುಕ್ರವಾರದಿಂದ ಮೂರು ದಿನ, ಹಬ್ಬದ ನಂತರದ ಗುರುವಾರದಿಂದ ನಾಲ್ಕು ದಿನ. ಸೆಂಟರ್‌ಫೈರ್ ರೈಫಲ್ (ಜಿಂಕೆ ಬೇಟೆಯ ಸಾಮಾನ್ಯ ರೈಫಲ್) ಎಂದರೆ 2023ರಿಂದ ಒಂದೇ ಗುಂಡು ತುಂಬುವಂಥದ್ದು ಮಾತ್ರ. ಬಂದೂಕಿನ ಆ ದಿನಗಳಲ್ಲಿ ಹೆಚ್ಚಿನ ಕೌಂಟಿಗಳಲ್ಲಿ ಬಿಲ್ಲಿನ ಸೀಸನ್ ಮುಚ್ಚಿರುತ್ತದೆ. ಅಂದರೆ ನಿಮ್ಮಿಬ್ಬರಿಗೆ ಒಂದೇ ವಾರ ಹೊಂದುವುದಿಲ್ಲ.

ಕಾನ್ಸಾಸ್‌ನಲ್ಲಿ ಹೊಂದುತ್ತದೆ. ಬಂದೂಕಿನ ಮುಖ್ಯ ಸೀಸನ್ ಥ್ಯಾಂಕ್ಸ್‌ಗಿವಿಂಗ್ ನಂತರದ ಬುಧವಾರ ಶುರು, 12 ದಿನ. ಬಿಲ್ಲಿನ ಸೀಸನ್ ಡಿಸೆಂಬರ್ 31ರವರೆಗೆ, ಕ್ರಾಸ್‌ಬೋ ಎಲ್ಲರಿಗೂ ಸರಿ. ಬಂದೂಕಿನ ಸೀಸನ್‌ನಲ್ಲಿ ಬಿಲ್ಲಿನವರೂ ಕಿತ್ತಳೆ ಬಣ್ಣ ಹಾಕಬೇಕು: ಟೊಪ್ಪಿ, ಎದೆಗೆ 100 ಚದರ ಇಂಚು, ಬೆನ್ನಿಗೆ 100. 1957ರ ಜುಲೈ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಬೇಟೆ ತರಬೇತಿಯ ಪ್ರಮಾಣಪತ್ರ ಬೇಕು, ಇಬ್ಬರೂ ಈಗಲೇ ಮುಗಿಸಿಕೊಳ್ಳಿ.

ಎಚ್1ಬಿ ಬಗ್ಗೆ: ಫೆಡರಲ್ ಕಾನೂನಿನಂತೆ ತಾತ್ಕಾಲಿಕ ವೀಸಾದವರು ಬಂದೂಕು, ಗುಂಡು ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ರಾಜ್ಯದ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಜನ ತಪ್ಪುವುದು ಇಲ್ಲಿ: ಬೇಟೆಗೆ ಹೋಗುವ ದಿನ ಲೈಸೆನ್ಸ್ ತೆಗೆದುಕೊಂಡು, ಒಂದು ತಿಂಗಳು ಮುಂಚೆ ಶೂಟಿಂಗ್ ರೇಂಜ್‌ನಲ್ಲಿ ಬಾಡಿಗೆ ರೈಫಲ್ ಹಿಡಿದಿರುತ್ತಾರೆ. ಆ ಹಿಡಿದದ್ದೇ ಅಪರಾಧ ಆಗುತ್ತದೆ. ಲೈಸೆನ್ಸ್ ಮೊದಲು, ಅಭ್ಯಾಸ ಆಮೇಲೆ. ವಲಸೆ ವಕೀಲರನ್ನೂ ಒಮ್ಮೆ ಕೇಳಿ, ಅದಕ್ಕೆ ಹಿಂಜರಿಯಬೇಡಿ.

ಗಾಳಿ_ನೋಡು:
ಅದಕ್ಕೇ ಇಬ್ಬರೂ ಕ್ರಾಸ್‌ಬೋ ಹಿಡಿಯಿರಿ ಎನ್ನುತ್ತೇನೆ. ಫೆಡರಲ್ ಕಾನೂನಿನ ಕಣ್ಣಿಗೆ ಅದು ಬಂದೂಕೇ ಅಲ್ಲ. ಇಲಿನಾಯ್ ಅಥವಾ ಕಾನ್ಸಾಸ್‌ನಲ್ಲಿ ನವೆಂಬರ್ ಮೊದಲ ವಾರವೇ ಸಿಗುತ್ತದೆ. ಡಿಸೆಂಬರ್ ಮೊದಲ ವಾರದ ರೈಫಲ್ ಎಂದರೆ ಬೆದೆ ಮುಗಿದು ಸುಸ್ತಾದ ಗಂಡು.

ಡಿಸೆಂಬರ್_ಮಂಜು:
ಹೊಸಬರಿಗೆ 30 ಗಜದ ಕ್ರಾಸ್‌ಬೋಗಿಂತ 150 ಗಜದ ರೈಫಲ್ ಗುಂಡು ಜಿಂಕೆಗೂ ಒಳ್ಳೆಯದು, ಗಾಯವಾಗಿ ತಪ್ಪಿಸಿಕೊಳ್ಳುವುದು ಕಡಿಮೆ. ಸುಸ್ತಾದ ಗಂಡೇ ಹೊಟ್ಟೆ ತುಂಬಿಸಲು ಬಯಲಿಗೆ ಬರುವುದು. ಕಾನ್ಸಾಸ್‌ನಲ್ಲಿ ಆಗ ಹಸಿರು ಇರುವುದು ಚಳಿಗಾಲದ ಗೋಧಿ ಹೊಲ ಮಾತ್ರ, ಜೊತೆಗೆ ಕೊಯ್ದ ಮೈಲೋ ಹೊಲದಲ್ಲಿ ಉದುರಿದ ಕಾಳು. ಮೈಲೋ ಎಂದರೆ ನಮ್ಮ ಜೋಳದ ಜಾತಿಯೇ. ನವೆಂಬರ್‌ನಲ್ಲಿ ಗರ್ಭ ಕಟ್ಟದ ಹೆಣ್ಣುಗಳು ಸುಮಾರು 28 ದಿನಕ್ಕೆ ಮತ್ತೆ ಬೆದೆಗೆ ಬರುತ್ತವೆ, ಅದು ಸೀಸನ್‌ನ ಎರಡನೇ ವಾರಕ್ಕೆ ಹೊಂದುತ್ತದೆ. ಆದರೆ ನಾನಾದರೂ ಮೊದಲ ಐದು ದಿನವನ್ನೇ ಹಿಡಿಯುತ್ತೇನೆ, ಗುಂಡಿನ ಸದ್ದು ಆಗುವ ಮೊದಲು.

ಕೆಂಟಕಿ_ಕೆರೆಯಂಚು:
ನವೆಂಬರ್ ಮೊದಲ ವಾರಕ್ಕೆ ಹೋಗುವವರಿಗೆ ಒಂದು ಸಣ್ಣ ವಿಷಯ. ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಫೋನ್ ತಾನೇ ಬದಲಾಗುತ್ತದೆ, ಮರಕ್ಕೆ ಕಟ್ಟಿದ ಹಳೆಯ ಕ್ಯಾಮೆರಾ ಬದಲಾಗುವುದಿಲ್ಲ. ಅದು "ಸಂಜೆ 5:40ಕ್ಕೆ ಬಂತು" ಎಂದು ತೋರಿಸಿದರೆ ಹೊಸ ಗಡಿಯಾರದಲ್ಲಿ 4:40. ಐದು ಗಂಟೆಗೆ ಹೋಗಿ ಅಟ್ಟಣೆ ಹತ್ತಿದರೆ ಗಂಡು ಬಂದು ಹೋಗಿರುತ್ತದೆ. ಸೂರ್ಯ ಮುಳುಗಿ ಅರ್ಧ ಗಂಟೆಗೆ ಬೇಟೆಯ ಸಮಯವೂ ಮುಗಿಯುತ್ತದೆ. ಗೈಡ್ ಚಿತ್ರ ತೋರಿಸಿದಾಗ ಯಾವ ಗಡಿಯಾರ ಎಂದು ಕೇಳಿ.

ರಘು_ಎಡಿಸನ್:
ಎಲ್ಲರಿಗೂ ಧನ್ಯವಾದ. ಕಾನ್ಸಾಸ್, ಬಂದೂಕಿನ ಸೀಸನ್‌ನ ಮೊದಲ ಐದು ದಿನ ಎಂದು ಮಾತಾಡಿಕೊಂಡಿದ್ದೇವೆ. ಎಚ್1ಬಿಯವರು ಲೈಸೆನ್ಸ್ ಈಗಲೇ ತೆಗೆದುಕೊಳ್ಳುತ್ತಾರೆ. ಔಟ್‌ಫಿಟರ್‌ಗೆ ಮುಂಗಡ ಕೊಡುವುದು ಯಾವಾಗ?

ಕಾನೂನು_ಮೊದಲು:
ಹೊರರಾಜ್ಯದವರ ಅರ್ಜಿ ಏಪ್ರಿಲ್‌ನಲ್ಲಿ, ಲಾಟರಿ. ಇಬ್ಬರೂ ಒಂದೇ ಗುಂಪಾಗಿ ಹಾಕಿ, ಬಂದೂಕಿನ ಪರವಾನಗಿಗೇ ಹಾಕಿ, ಅದರಲ್ಲಿ ಆ ದಿನಗಳಲ್ಲಿ ಕ್ರಾಸ್‌ಬೋ ಹಿಡಿಯಬಹುದು. ಪರವಾನಗಿ ಒಂದು ಯೂನಿಟ್ (ಬೇಟೆ ವಲಯ) ಮತ್ತು ನೀವು ಆರಿಸಿದ ಒಂದು ಪಕ್ಕದ ಯೂನಿಟ್‌ಗೆ ಮಾತ್ರ. ಆದ್ದರಿಂದ ಅವರ ಜಮೀನು ಯಾವ ಯೂನಿಟ್‌ನಲ್ಲಿದೆ ಎಂದು ಮಾರ್ಚ್‌ನಲ್ಲೇ ಕೇಳಿ, ನಕ್ಷೆಯಲ್ಲಿ ನೀವೇ ನೋಡಿ. ಲಾಟರಿಯಲ್ಲಿ ಸಿಗದಿದ್ದರೆ ಮುಂಗಡ ವಾಪಸ್ ಎಂಬ ಸಾಲು ಒಪ್ಪಂದದಲ್ಲಿ ಇರಲಿ. ಜಿಂಕೆಯ ಮಿದುಳು ಹಾಳುಮಾಡುವ ಸಿಡಬ್ಲ್ಯುಡಿ ರೋಗ ಅಲ್ಲೂ ಇದೆ, ಹಾಗಾಗಿ ಮೂಳೆ ಬಿಡಿಸಿದ ಮಾಂಸ ಮಾತ್ರ ನ್ಯೂಜೆರ್ಸಿಗೆ ತನ್ನಿ, ಮಿದುಳು ಮತ್ತು ಬೆನ್ನುಹುರಿ ಅಲ್ಲೇ ಬಿಡಿ. ಪರೀಕ್ಷೆಗೆ ಗಂಟಲ ಹಿಂದಿನ ದುಗ್ಧಗ್ರಂಥಿ ಕೊಟ್ಟು ಬನ್ನಿ, ಫಲಿತಾಂಶ ಬರುವವರೆಗೂ ಆ ಮಾಂಸದ ಪೊಟ್ಟಣಕ್ಕೆ ಟ್ಯಾಗ್ ಸಂಖ್ಯೆ ಬರೆದು ಫ್ರೀಜರ್‌ನಲ್ಲಿ ಬೇರೆಯಾಗಿಡಿ.