ಮೆಡೀವಲ್ 2 ಟೋಟಲ್ ವಾರ್: ಮೂರ್ಸ್ ಆಡುವಾಗ 22ನೇ ಟರ್ನ್‌ಗೆ ಖಜಾನೆ ಖಾಲಿ, ಟೊಲೆಡೊದಲ್ಲಿ ದಂಗೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೆಡೀವಲ್ 2 ಟೋಟಲ್ ವಾರ್ ಅನ್ನುವ ಯುದ್ಧತಂತ್ರದ ಕಂಪ್ಯೂಟರ್ ಆಟದಲ್ಲಿ ಮೂರ್ಸ್ (ದಕ್ಷಿಣ ಸ್ಪೇನ್, ಉತ್ತರ ಆಫ್ರಿಕಾದ ಮುಸ್ಲಿಂ ಪಂಗಡ) ಹಿಡಿದು ಆಡುತ್ತಿದ್ದೇನೆ. ಇದು ಮೂರನೇ ಸಲ. ಮೂರು ಸಲವೂ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡೆ.

ಶುರುವಿನಲ್ಲಿ ಕಾರ್ಡೊಬಾ, ಗ್ರಾನಾಡಾ, ಮರಾಕೇಶ್, ಅಲ್ಜಿಯರ್ಸ್ ನಮ್ಮ ಕೈಯಲ್ಲೇ ಇರುತ್ತವೆ. ಹತ್ತು ಟರ್ನ್ (ಆಟದ ಸರದಿ) ಒಳಗೆ ಟೊಲೆಡೊ ಗೆದ್ದೆ. ನಾಲ್ಕೇ ಟರ್ನ್‌ಗೆ ಅಲ್ಲಿ ದಂಗೆ ಎದ್ದು ಊರು ಕೈತಪ್ಪಿತು. ಸ್ಪೇನ್ ಜೊತೆ ಈಗ ಪೋರ್ಚುಗಲ್ ಕೂಡ ಮೇಲೆ ಬಿದ್ದಿದೆ. 22ನೇ ಟರ್ನ್, ಖಜಾನೆ ಮೈನಸ್ 3,100. ಒಬ್ಬ ಸೈನಿಕನನ್ನೂ ಸೇರಿಸಿಕೊಳ್ಳಲು ಬಿಡುತ್ತಿಲ್ಲ. ಯುದ್ಧದಲ್ಲಿ ಈಟಿಯವರನ್ನು ಸಾಲಾಗಿ ನಿಲ್ಲಿಸುತ್ತೇನೆ. ಸ್ಪೇನಿನ ನೈಟ್‌ಗಳು (ಕವಚ ತೊಟ್ಟ ಕುದುರೆ ಸವಾರರು) ಒಂದು ಸಲ ನುಗ್ಗಿದರೆ ಸಾಲು ಚಿಂದಿ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ 1

ಸೈನ್ಯ ಎಷ್ಟಿದೆ, ಎಲ್ಲೆಲ್ಲಿ ನಿಂತಿದೆ ಹೇಳಿ. ವ್ಯಾಪಾರಿಗಳು ಎಷ್ಟು ಜನ ಇದ್ದಾರೆ?

ಪ್ರಶ್ನೆ ಕೇಳಿದವರು

ಮೂರು ಸೈನ್ಯ, ಮೂರೂ ಸ್ಪೇನ್ ಗಡಿಯಲ್ಲೇ. ಗ್ರಾನಾಡಾದಲ್ಲಿ ಕಾವಲಿಗೆ ಅಂತ ಎಂಟು ಯೂನಿಟ್ (ತುಕಡಿ) ಈಟಿಯವರು ಸುಮ್ನೆ ಕೂತಿದ್ದಾರೆ. ವ್ಯಾಪಾರಿ ಒಬ್ಬನನ್ನೂ ಮಾಡಿಲ್ಲ. ಅವರಿಂದ ಬರುವ ಕಾಸು ಕಮ್ಮಿ ಅಂದುಕೊಂಡಿದ್ದೆ.

ಉತ್ತರ 2

ಗೊತ್ತಾಯ್ತು. ನಿಮ್ಮ ಕಣ್ಣೆಲ್ಲ ಉತ್ತರದ ಮೇಲಿದೆ. ಮೂರ್ಸ್‌ಗೆ ದುಡ್ಡು ಬರುವುದು ದಕ್ಷಿಣದಿಂದ. ನಕ್ಷೆಯನ್ನು ಮರಾಕೇಶ್‌ನಿಂದ ಕೆಳಗೆ ಎಳೆಯುತ್ತಾ ಹೋಗಿ. ಮರಳುಗಾಡು ಮುಗಿಯುವ ಕಡೆ ಟಿಂಬಕ್ಟು ಸಿಗುತ್ತದೆ, ಬಂಡಾಯಗಾರರ ಊರು. ಅದರ ಸುತ್ತ ಚಿನ್ನ ಇದೆ, ಆನೆದಂತ ಇದೆ. ರಾಜಧಾನಿಯಿಂದ ದೂರ ಹೋದಷ್ಟೂ ಸರಕಿನ ಬೆಲೆ ಏರುತ್ತದೆ. ಕಾರ್ಡೊಬಾ ಪಕ್ಕದಲ್ಲಿ ಚಿಲ್ಲರೆ ತರುವ ವ್ಯಾಪಾರಿಯೇ ಅಲ್ಲಿ ಚಿನ್ನದ ಮೇಲೆ ನಿಂತರೆ ಅದರ ಎಷ್ಟೋ ಪಟ್ಟು ತರುತ್ತಾನೆ. ಅಷ್ಟು ದೂರಕ್ಕೆ ಬೇರೆ ದೇಶದ ವ್ಯಾಪಾರಿಗಳು ಬರುವುದೂ ಅಪರೂಪ, ಹಾಗಾಗಿ ನಿಮ್ಮವನನ್ನು ಎತ್ತಂಗಡಿ ಮಾಡುವ ಭಯ ಕಮ್ಮಿ.

ಇದು ಆಟದವರು ಸುಮ್ನೆ ಇಟ್ಟ ಚಿನ್ನ ಅಲ್ಲ. ಮರಾಕೇಶ್ ಆಳಿದ ಅಲ್ಮೊರಾವಿಡ್‌ಗಳು ಪಶ್ಚಿಮ ಆಫ್ರಿಕಾದ ಚಿನ್ನವನ್ನು ಒಂಟೆ ಸಾಲುಗಳಲ್ಲಿ ಸಹಾರಾ ದಾಟಿಸಿ ದಿನಾರ್ ಹೊಡೆಸುತ್ತಿದ್ದರು. ಆ ನಾಣ್ಯಕ್ಕೆ ಎಷ್ಟು ಬೆಲೆ ಇತ್ತೆಂದರೆ ಸ್ಪೇನಿನ ಮರವೇಡಿ ನಾಣ್ಯಕ್ಕೆ ಹೆಸರು ಬಂದದ್ದೇ ಇವರ ಅರಬ್ಬಿ ಹೆಸರಿನಿಂದ. ನೀವು ಆ ಖಜಾನೆಗೆ ಬೆನ್ನು ತಿರುಗಿಸಿ ಯುದ್ಧ ಮಾಡುತ್ತಿದ್ದೀರಿ.

ಈಗ ಮಾಡಬೇಕಾದ್ದು. ಮೊದಲು ಗ್ರಾನಾಡಾದ ಎಂಟು ಯೂನಿಟ್‌ನಲ್ಲಿ ಐದನ್ನು ಡಿಸ್‌ಬ್ಯಾಂಡ್ ಮಾಡಿ, ಅಂದರೆ ಸೈನ್ಯದಿಂದ ತೆಗೆದುಬಿಡಿ. ಮನಸ್ಸಿಗೆ ಕಷ್ಟ ಆಗುತ್ತದೆ, ಆದರೂ ಮಾಡಿ. ಗೋಡೆ ಇರುವ ನಗರಗಳಲ್ಲಿ ಕೆಲವು ಮಿಲಿಷಿಯಾ (ಊರಿನ ಜನರ ಪಡೆ) ಯೂನಿಟ್‌ಗಳಿಗೆ ಅಪ್‌ಕೀಪ್ (ಪ್ರತಿ ಟರ್ನ್ ಸಾಕುವ ಖರ್ಚು) ಇಲ್ಲ, ಕ್ಯಾಸಲ್‌ಗಳಲ್ಲಿ (ಸೈನ್ಯಕ್ಕೆಂದೇ ಇರುವ ಕೋಟೆಗಳಲ್ಲಿ) ಆ ಅನುಕೂಲ ಇಲ್ಲ. ನಗರದ ಕಾವಲಿಗೆ ಮಿಲಿಷಿಯಾ ಸಾಕು. ಖಜಾನೆ ಪ್ಲಸ್‌ಗೆ ಬಂದ ತಕ್ಷಣ ಮಾರುಕಟ್ಟೆ ಕಟ್ಟಿ, ಇಬ್ಬರು ವ್ಯಾಪಾರಿಗಳನ್ನು ದಕ್ಷಿಣಕ್ಕೆ ಕಳಿಸಿ. ಹಿಂದೆಯೇ ಒಬ್ಬ ಜನರಲ್ ಜೊತೆ ಚಿಕ್ಕ ಸೈನ್ಯ ಹೋಗಲಿ. ದಾರಿ ತುಂಬಾ ಉದ್ದ, ಎಷ್ಟೋ ಟರ್ನ್ ಹಿಡಿಯುತ್ತದೆ. ಅವಸರ ಬೇಡ. ಜನರಲ್‌ನನ್ನು ಚಿನ್ನದ ಗುರುತಿನ ಮೇಲೇ ನಿಲ್ಲಿಸಿ ಫೋರ್ಟ್ (ಚಿಕ್ಕ ಕಾವಲು ಕೋಟೆ) ಕಟ್ಟಿಸಿದರೆ ಒಬ್ಬರಿಗಿಂತ ಜಾಸ್ತಿ ವ್ಯಾಪಾರಿಗಳು ಒಳಗೆ ಕೂತು ಅದೇ ಚಿನ್ನದಲ್ಲಿ ಗಳಿಸಬಹುದು. ಫೋರ್ಟ್‌ನಲ್ಲಿ ಒಂದು ಯೂನಿಟ್ ಸದಾ ಇರಲಿ, ಖಾಲಿ ಬಿಟ್ಟರೆ ಅದು ಮಾಯ.

ಉತ್ತರ 3

ಟೊಲೆಡೊ ವಿಷಯ ನಾನು ಹೇಳುತ್ತೇನೆ, ಅಲ್ಲಿ ನನಗೂ ಚೆನ್ನಾಗಿ ಪೆಟ್ಟು ಬಿದ್ದಿತ್ತು.

ಊರಿನ ವಿವರದ ಪುಟ ತೆಗೆದು ಪಬ್ಲಿಕ್ ಆರ್ಡರ್ (ಊರು ಎಷ್ಟು ಶಾಂತವಾಗಿದೆ ಅನ್ನುವ) ಸಾಲು ನೋಡಿ. ಕೆಳಗೆ ಏನೇನು ಅದನ್ನು ಎಳೆಯುತ್ತಿದೆ ಅಂತ ಚಿತ್ರಗಳಿರುತ್ತವೆ. ನಿಮ್ಮದರಲ್ಲಿ ಧರ್ಮದ ಅಸಮಾಧಾನವೇ ದೊಡ್ಡದಿರುತ್ತದೆ ಅನ್ನಿಸುತ್ತದೆ. ಅಲ್ಲಿನ ಜನ ಹೆಚ್ಚಿನವರು ಕ್ರೈಸ್ತರು. ಹಳೆಯ ಚರ್ಚ್ ಕಟ್ಟಡ ಹಾಗೇ ಇದ್ದರೆ ನಿಮ್ಮ ಮಸೀದಿ ಕಟ್ಟುವ ಆಯ್ಕೆ ಬರುವುದೇ ಇಲ್ಲ. ಅದನ್ನು ತೆಗೆದು ಮಸೀದಿಯನ್ನು ಕಟ್ಟಡಗಳ ಕ್ಯೂನಲ್ಲಿ ಮೊದಲಿಗೆ ಹಾಕಿ. ಅದಕ್ಕಿಂತ ಮುಖ್ಯ, ಮುತ್ತಿಗೆಗೆ ಮೊದಲೇ ಎರಡು ಮೂರು ಇಮಾಮ್‌ಗಳನ್ನು (ಜನರನ್ನು ನಿಮ್ಮ ಧರ್ಮಕ್ಕೆ ತರುವವರು) ಆ ಪ್ರಾಂತ್ಯದಲ್ಲಿ ಬಿಟ್ಟಿರಿ. ಊರು ಕೈಗೆ ಬರುವ ಹೊತ್ತಿಗೆ ಅರ್ಧ ಕೆಲಸ ಆಗಿರುತ್ತದೆ. ತೆರಿಗೆ ಕಡಿಮೆ ಇಡಿ, ಪೂರ್ತಿ ಸೈನ್ಯ ಒಳಗೇ ಇರಲಿ, ನಿಮ್ಮದೊಬ್ಬ ಗೂಢಚಾರನೂ ಇರಲಿ.

ಇತಿಹಾಸದಲ್ಲೂ ಟೊಲೆಡೊ ಸುಲಭದ ತುತ್ತಾಗಲಿಲ್ಲ. 1085ರಲ್ಲಿ ಕ್ಯಾಸ್ಟೈಲ್‌ನ ಕ್ರೈಸ್ತ ರಾಜ ಆರನೇ ಅಲ್ಫೊನ್ಸೊ ಅದನ್ನು ತೆಗೆದುಕೊಂಡ. ಮರುವರ್ಷ ಅಲ್ಮೊರಾವಿಡ್ ದೊರೆ ಯೂಸುಫ್ ಇಬ್ನ್ ತಾಶ್ಫಿನ್ ಆಫ್ರಿಕಾದಿಂದ ಬಂದು ಝಲ್ಲಾಕಾದಲ್ಲಿ ಅಲ್ಫೊನ್ಸೊನನ್ನು ಸೋಲಿಸಿದ. ಅಷ್ಟು ದೊಡ್ಡ ಗೆಲುವಾದರೂ ಟೊಲೆಡೊ ಮಾತ್ರ ವಾಪಸ್ ಸಿಗಲಿಲ್ಲ. ಆಟದಲ್ಲಿ ಅದನ್ನು ಉಳಿಸಿಕೊಂಡಾಗ ನನಗೆ ತುಂಬಾ ಖುಷಿಯಾಗಿತ್ತು.

ಉತ್ತರ 2

ಯುದ್ಧದ ಬಗ್ಗೆ ಹೇಳುವುದು ಮರೆತೆ. ಈಟಿಯವರಿಂದ ನೈಟ್‌ಗಳನ್ನು ಕೊಲ್ಲಿಸಲು ನೋಡಬೇಡಿ. ಅವರು ತಡೆಯುವುದಕ್ಕೆ. ಕೊಲ್ಲುವುದಕ್ಕೆ ಗ್ರಾನಡೈನ್ ಜಿನೆಟೆಗಳು, ಕುದುರೆ ಮೇಲಿಂದ ಭರ್ಜಿ ಎಸೆಯುವವರು. ಆ ಭರ್ಜಿ ಕವಚ ತೂರುತ್ತದೆ. ಸ್ಕರ್ಮಿಶ್ ಬಟನ್ ಆಫ್ ಮಾಡಿ ನೀವೇ ನಡೆಸಿ. ಆನ್ ಇದ್ದರೆ ಶತ್ರು ಹತ್ತಿರ ಬಂದಾಗಲೆಲ್ಲ ಓಡಿ, ಕೊನೆಗೆ ನಕ್ಷೆಯ ಅಂಚಿಗೆ ಸಿಕ್ಕಿ ಸಾಯುತ್ತಾರೆ. ಎರಡು ಯೂನಿಟ್ ತೆಗೆದುಕೊಳ್ಳಿ. ಒಂದು ಎದುರು ಹೋಗಿ ಒಂದು ಸುತ್ತು ಎಸೆದು ಹಿಂದಕ್ಕೆ ತಿರುಗಲಿ. ನೈಟ್‌ಗಳು ಅದರ ಬೆನ್ನು ಹತ್ತುತ್ತಾರೆ. ಆಗ ಎರಡನೆಯದು ಪಕ್ಕದಿಂದ ಎಸೆಯಲಿ. ನೈಟ್‌ಗಳು ಈ ಕಡೆ ತಿರುಗಿದರೆ ಮೊದಲನೆಯದು ಮತ್ತೆ ವಾಪಸ್. ಹೀಗೆ ಮೂರು ನಾಲ್ಕು ಸಲ ಮಾಡಿ. ಕುದುರೆಗಳು ಸುಸ್ತಾಗಿ, ಅರ್ಧ ಜನ ಉಳಿದಾಗ ಅವರನ್ನು ನಿಮ್ಮ ಈಟಿ ಸಾಲಿಗೆ ಎಳೆದು ತನ್ನಿ. ಒಂಟೆ ಸವಾರರಿದ್ದರೆ ಹತ್ತಿರದಲ್ಲಿ ನಿಲ್ಲಿಸಿ, ಕುದುರೆಗಳು ಒಂಟೆಗೆ ಹೆದರುತ್ತವೆ.

ಬೇರೊಬ್ಬರ ಪ್ರಶ್ನೆ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನಗೆ ಪಂಗಡಗಳ ಲಿಸ್ಟ್‌ನಲ್ಲಿ ಮೂರ್ಸ್ ಕಾಣಿಸುವುದೇ ಇಲ್ಲ.

ಉತ್ತರ 1

ಮೊದಲಿಗೆ ಐದು ಪಂಗಡ ಮಾತ್ರ ತೆರೆದಿರುತ್ತವೆ. ಒಂದು ಕ್ಯಾಂಪೇನ್ ಗೆದ್ದರೆ ಉಳಿದವು ಬರುತ್ತವೆ. ಕಾಯಲು ಆಗದಿದ್ದರೆ ಡೇಟಾ ಫೋಲ್ಡರ್ ಒಳಗೆ ವರ್ಲ್ಡ್, ಮ್ಯಾಪ್ಸ್, ಕ್ಯಾಂಪೇನ್, ಇಂಪೀರಿಯಲ್ ಕ್ಯಾಂಪೇನ್ ಹೀಗೆ ಹೋಗಿ, ಡೆಸ್ಕರ್ ಸ್ಟ್ರಾಟ್ (descr_strat) ಅನ್ನುವ ಟೆಕ್ಸ್ಟ್ ಫೈಲ್ ತೆಗೆಯಿರಿ. ಮೊದಲು ಅದರ ಕಾಪಿ ಇಟ್ಟುಕೊಳ್ಳಿ. ಅನ್‌ಲಾಕಬಲ್ ಪಟ್ಟಿಯಿಂದ ಮೂರ್ಸ್ ಸಾಲನ್ನು ಕತ್ತರಿಸಿ ಪ್ಲೇಯಬಲ್ ಪಟ್ಟಿಯಲ್ಲಿ ಅಂಟಿಸಿ, ಸೇವ್ ಮಾಡಿ, ಹೊಸ ಆಟ ಶುರು ಮಾಡಿ.

ಪ್ರಶ್ನೆ ಕೇಳಿದವರು

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಹಳೆಯ ಸೇವ್ ಬಿಟ್ಟು ಹೊಸದಾಗಿ ಶುರು ಮಾಡಿದೆ. ಇಬ್ಬರು ವ್ಯಾಪಾರಿಗಳು ಟಿಂಬಕ್ಟು ಮುಟ್ಟಿದ ಟರ್ನ್ ಮರೆಯುವುದಿಲ್ಲ. ಆದಾಯದ ಪುಟ ಎರಡು ಸಲ ತೆಗೆದು ನೋಡಿದೆ. ಟೊಲೆಡೊಗೆ ಮೂರು ಇಮಾಮ್‌ಗಳನ್ನು ಮುಂಚೆಯೇ ಕಳಿಸಿದ್ದೆ. ಊರು ಹಿಡಿದು ಹನ್ನೆರಡು ಟರ್ನ್ ಆಯ್ತು, ಮುಖದ ಗುರುತು ಇನ್ನೂ ಹಳದಿ, ಕೆಂಪಾಗಿಲ್ಲ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಇನ್ನೊಂದೇ ಪ್ರಶ್ನೆ. ವೇಲೆನ್ಸಿಯಾದಲ್ಲಿ ಎಲ್ ಸಿದ್ (ಸ್ಪೇನಿನ ಹೆಸರಾಂತ ವೀರ) ಕೂತಿದ್ದಾನೆ. ನುಗ್ಗಲಾ, ಬೇಡವಾ?

ಉತ್ತರ 3

ಗೋಡೆ ಹತ್ತಬೇಡಿ. ಮುತ್ತಿಗೆ ಹಾಕಿ ಕೂತುಬಿಡಿ. ಒಳಗಿನ ಆಹಾರ ಮುಗಿಯುವ ಹೊತ್ತಿಗೆ ಅವನೇ ಬಾಗಿಲು ತೆಗೆದು ಹೊರಗೆ ಬರುತ್ತಾನೆ. ಆಗ ನಿಮ್ಮ ಜಿನೆಟೆಗಳು ಬಾಗಿಲಿನ ಎರಡೂ ಪಕ್ಕದಲ್ಲಿ, ಸ್ವಲ್ಪ ದೂರದಲ್ಲಿ ನಿಂತಿರಲಿ.